ಒಡ್ರಾಯ್ಡ್-ಗೋ: ಮೊದಲ ಸಲ ಕನ್ಸೋಲ್ ಕಟ್ಟುವವರಿಗೆ ಇದೇ ಸರಿ

ಹಳೆಯ ವಿಡಿಯೋ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡುವ ರೆಟ್ರೋ ಕನ್ಸೋಲ್ ಕಟ್ಟಬೇಕು ಅನ್ನುವವರು ಮೊದಲು ಪ್ರೊಸೆಸರ್ ಯಾವುದು ಅಂತ ನೋಡುತ್ತಾರೆ. ನಾನಾದರೆ ಮೊದಲು ಕೇಳುವುದು, ನಿಮಗೆ ಆಡಬೇಕಿರುವುದು ಯಾವ ಗೇಮ್? ಗೇಮ್ ಬಾಯ್, ಗೇಮ್ ಬಾಯ್ ಕಲರ್, ಎನ್‌ಇಎಸ್, ಮಾಸ್ಟರ್ ಸಿಸ್ಟಮ್ ಥರದ ಹಳೆಯ ಕನ್ಸೋಲ್‌ಗಳ ಗೇಮ್ ಸಾಕು ಅಂದರೆ ಒಡ್ರಾಯ್ಡ್-ಗೋ ಕಿಟ್ ತೆಗೆದುಕೊಳ್ಳಿ. ಕೆಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಹಾಕಿ ಕಟ್ಟಿದ ಇನ್ನೊಂದೂ ನನ್ನ ಹತ್ತಿರ ಇದೆ. ಎರಡನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಹಾರ್ಡ್‌ಕರ್ನಲ್ ಕಂಪನಿ 2018ರಲ್ಲಿ ತನ್ನ ಹತ್ತು ವರ್ಷದ ನೆನಪಿಗೆ ಇದನ್ನು ತಂದಿತು. ಒಳಗೆ ಇರುವುದು ಇಎಸ್‌ಪಿ32 ಚಿಪ್, 2.4 ಇಂಚಿನ ಸ್ಕ್ರೀನ್, 1200 ಎಂಎಎಚ್ ಬ್ಯಾಟರಿ. ಎಲ್ಲ ಬಿಡಿ ಭಾಗಗಳಾಗಿ ಬರುತ್ತವೆ, ಜೋಡಿಸುವುದು ನಾವು. ಸೋಲ್ಡರಿಂಗ್ ಬೇಡವೇ ಬೇಡ, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು.

ಜೋಡಿಸುವಾಗ ಕನ್ಸೋಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಕಣ್ಣೆದುರೇ ಕಾಣುತ್ತದೆ. ಮುಂದಿನ ಕವಚವನ್ನು ಮಗುಚಿಟ್ಟು ಬಟನ್‌ಗಳನ್ನು ಅವುಗಳ ತೂತಿಗೆ ಇಳಿಸಬೇಕು, ಮೇಲೆ ರಬ್ಬರ್ ಪ್ಯಾಡ್ ಕೂರಿಸಬೇಕು. ಪ್ಯಾಡ್ ತಿರುಗಿಸಿ ನೋಡಿ, ಪುಟ್ಟ ಕಪ್ಪು ಚುಕ್ಕೆ ಇರುತ್ತದೆ. ಬಟನ್ ಒತ್ತಿದಾಗ ಆ ಚುಕ್ಕೆ ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಸೇರಿಸುತ್ತದೆ, ಅಷ್ಟೇ! ಅದನ್ನು ಬೆರಳಿನಿಂದ ಮುಟ್ಟಬೇಡಿ, ಜಿಡ್ಡು ಕೂತರೆ ಬಟನ್ ಒತ್ತಿದ್ದು ಸರಿಯಾಗಿ ತಾಗದೆ ಹೋಗಬಹುದು. ಸ್ಕ್ರೂ ವಿಷಯದಲ್ಲೂ ಒಂದು ಮಾತು. ಪ್ಲಾಸ್ಟಿಕ್‌ಗೆ ಹಾಕುವಾಗ ಮೊದಲು ಸ್ವಲ್ಪ ಉಲ್ಟಾ ತಿರುಗಿಸಿ, 'ಟಕ್' ಅಂತ ಹಳೆಯ ಥ್ರೆಡ್‌ಗೆ (ಸ್ಕ್ರೂ ಕೂರುವ ಸುರುಳಿ ಗೆರೆಗೆ) ಬಿದ್ದ ಮೇಲೆ ಮೆಲ್ಲಗೆ ಬಿಗಿ ಮಾಡಿ. ಹೀಗೆ ಮಾಡಿದರೆ ಮತ್ತೆ ಮತ್ತೆ ಬಿಚ್ಚಿ ಹಾಕಿದರೂ ಥ್ರೆಡ್ ಬೇಗ ಹಾಳಾಗುವುದಿಲ್ಲ. ಬಿಚ್ಚುವುದಂತೂ ಇದ್ದೇ ಇರುತ್ತದೆ ಅಲ್ವಾ?

ಸ್ಕ್ರೀನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದರ ಅಳತೆ ಅಡ್ಡಕ್ಕೆ 320, ಎತ್ತರಕ್ಕೆ 240 ಚುಕ್ಕೆ (ಪಿಕ್ಸೆಲ್), ಅಂದರೆ 320×240. ಎನ್‌ಇಎಸ್ ಚಿತ್ರ 256×240, ಹಾಗಾಗಿ ಎತ್ತರಕ್ಕೆ ಸರಿಯಾಗಿ ಕೂರುತ್ತದೆ, ಒಂದು ಚುಕ್ಕೆಗೆ ಒಂದು ಚುಕ್ಕೆ. ನೋಡಲು ತುಂಬ ಚೆನ್ನ. ಗೇಮ್ ಬಾಯ್ ಚಿತ್ರ 160×144. ಅದನ್ನು ಎರಡರಷ್ಟು ಮಾಡಿದರೆ ಎತ್ತರ 288 ಆಗುತ್ತದೆ, ಇಲ್ಲಿ ಹಿಡಿಸುವುದಿಲ್ಲ. ಸ್ಕ್ರೀನ್ ತುಂಬುವಂತೆ ಹಿಗ್ಗಿಸಿದರೆ ಕೆಲವು ಚುಕ್ಕೆ ದಪ್ಪ, ಕೆಲವು ಸಣ್ಣ. ಚಿತ್ರ ಓಡುತ್ತಿರುವಾಗ ಗೊತ್ತಾಗುವುದಿಲ್ಲ, ಅಕ್ಷರ ಓದುವಾಗ ಗೊತ್ತಾಗುತ್ತದೆ. ಯಾವ ಕಿಟ್ ನೋಡಿದರೂ ಈ ಲೆಕ್ಕ ಹಾಕಿ ನೋಡಿ. ಇಂಚು ನೋಡಿ ಸ್ಕ್ರೀನ್ ಆರಿಸಬೇಡಿ.

ಸಾಫ್ಟ್‌ವೇರ್ ಹಾಕುವುದು ಸುಲಭ. ಫರ್ಮ್‌ವೇರ್ (ಕನ್ಸೋಲನ್ನು ನಡೆಸುವ ಸಾಫ್ಟ್‌ವೇರ್) ಫೈಲನ್ನು ಎಸ್‌ಡಿ ಕಾರ್ಡಿಗೆ ಹಾಕಿ, ಬಿ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಮೆನು ಬರುತ್ತದೆ. ನಾನು ಹಳೆಯ ಕನ್ಸೋಲ್‌ಗಳ ಗೇಮ್ ಓಡಿಸುವ ರೆಟ್ರೋ-ಗೋ ಅನ್ನುವ ಫರ್ಮ್‌ವೇರ್ ಹಾಕಿಕೊಂಡಿದ್ದೇನೆ. ಆಟವನ್ನು ಎಲ್ಲಿ ಬೇಕಾದರೂ ಸೇವ್ ಮಾಡಿಟ್ಟು ಮತ್ತೆ ಅಲ್ಲಿಂದಲೇ ಆಡಬಹುದು. ನಮ್ಮದೇ ಹಳೆಯ ಗೇಮ್ ಕಾರ್ಟ್ರಿಜ್‌ಗಳಿಂದ ಮಾಡಿಕೊಂಡ ಫೈಲ್ ಪ್ರತಿ ಇದ್ದರೆ ಸರಿ. ಇಲ್ಲದಿದ್ದರೂ ಹವ್ಯಾಸಿಗಳು ಮಾಡಿ ಉಚಿತವಾಗಿ ಹಂಚುವ ಹೊಸ ಗೇಮ್ ಬಾಯ್ ಗೇಮ್‌ಗಳು ಬೇಕಾದಷ್ಟಿವೆ. ಆರ್ಡುಯಿನೋ ಅನ್ನುವ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನಲ್ಲಿ ನಾವೇ ಗೇಮ್ ಬರೆದೂ ಹಾಕಬಹುದು. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಇದೇ.

ಹಾಗಾದರೆ ಪೈ ಯಾಕೆ ಬೇಡ? ಶಕ್ತಿ ಅದಕ್ಕೇ ಜಾಸ್ತಿ, ಪ್ಲೇಸ್ಟೇಷನ್ ಗೇಮ್‌ಗಳೂ ಓಡುತ್ತವೆ. ಆದರೆ ಅದಕ್ಕೆ 5 ವೋಲ್ಟ್ ಬೇಕು, ಲಿಥಿಯಂ ಬ್ಯಾಟರಿ ಕೊಡುವುದು 3.7ರ ಆಸುಪಾಸು. ಅದನ್ನು ಏರಿಸಲು ಒಂದು ಬೂಸ್ಟ್ ಬೋರ್ಡ್, ಚಾರ್ಜಿಂಗ್‌ಗೆ ಇನ್ನೊಂದು. ಆಡುವ ಹೊತ್ತಿನಲ್ಲಿ ವೋಲ್ಟ್ ಕುಸಿದರೆ ಸ್ಕ್ರೀನ್ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಒಳಗಿರುವುದು ಲಿನಕ್ಸ್ ಅನ್ನುವ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಆದ್ದರಿಂದ ಸರಿಯಾಗಿ ಶಟ್‌ಡೌನ್ ಮಾಡದೆ ಕರೆಂಟ್ ಕಿತ್ತರೆ ಕಾರ್ಡಿನಲ್ಲಿರುವ ಫೈಲುಗಳು ಕೆಡಬಹುದು. ಒಡ್ರಾಯ್ಡ್-ಗೋದಲ್ಲಿ ಈ ತಲೆನೋವಿಲ್ಲ. ಸ್ವಿಚ್ ಹಾಕಿದರೆ ಕೆಲವೇ ಸೆಕೆಂಡಿನಲ್ಲಿ ಮೆನು. ಸೇವ್ ಮಾಡಿ ಸ್ವಿಚ್ ಆರಿಸಿದರೆ ಆಯ್ತು.

ಪೈ ದಾರಿಯೇ ಹಿಡಿಯುತ್ತೇನೆ ಅನ್ನುವವರು ಬ್ಯಾಟರಿಯ ಕನೆಕ್ಟರ್ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದು ಪ್ಲಸ್ ಮೈನಸ್ ನೋಡಲೇಬೇಕು. ಬ್ಯಾಟರಿ ತಂತಿಯ ತುದಿಯಲ್ಲಿರುವ ಪುಟ್ಟ ಜೆಎಸ್‌ಟಿ ಕನೆಕ್ಟರ್ ಒಂದೇ ಥರ ಕಂಡರೂ ಕೆಂಪು, ಕಪ್ಪು ತಂತಿ ಯಾವ ಕಡೆ ಅನ್ನುವುದು ಎಲ್ಲರಲ್ಲೂ ಒಂದೇ ಇರುವುದಿಲ್ಲ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಬೆಂಕಿ ಹತ್ತಬಹುದು.

ಒಡ್ರಾಯ್ಡ್-ಗೋದಲ್ಲಿ ಕೊರತೆಗಳೂ ಇವೆ. ಹೆಡ್‌ಫೋನ್ ಜಾಕ್ ಇಲ್ಲ, ಇರುವುದು ಒಂದೇ ಪುಟ್ಟ ಸ್ಪೀಕರ್. ಚಾರ್ಜಿಂಗ್ ಮೈಕ್ರೋ ಯುಎಸ್‌ಬಿಯಲ್ಲಿ. ಮೇಲಂಚಿನಲ್ಲಿ ಎಡಕ್ಕೆ, ಬಲಕ್ಕೆ ಇರಬೇಕಾದ ಎಲ್, ಆರ್ ಬಟನ್ ಇಲ್ಲ. ಗೇಮ್ ಬಾಯ್ ಅಡ್ವಾನ್ಸ್ ಬೇಕೇ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಅದೇ ಕಂಪನಿಯ ಒಡ್ರಾಯ್ಡ್-ಗೋ ಅಡ್ವಾನ್ಸ್ ನೋಡಿ, ಅದರಲ್ಲಿ ಆ ಬಟನ್‌ಗಳಿವೆ, ಅದೂ ನಾವೇ ಜೋಡಿಸುವ ಕಿಟ್.