ಮನೆಗೊಂದು ಮರಿ ಹಿಟಾಚಿ ಬೇಕಾ? ನಾಲ್ಕು ವರ್ಷ, 920 ತಾಸು ಓಡಿಸಿದವನ ಲೆಕ್ಕ

ನಮ್ಮ ಕಡೆ ಮಣ್ಣು ತೋಡುವ ಗಾಡಿಗೆ ಟೈರಿದ್ದರೆ ಜೆಸಿಬಿ, ಚೈನಿದ್ದರೆ ಹಿಟಾಚಿ. ಮೈಮೇಲೆ ಯಾವ ಕಂಪನಿಯ ಹೆಸರು ಬರೆದಿದ್ದರೂ ಅಷ್ಟೇ. ನನ್ನ ಮೂರು ಟನ್ನಿನ ಗಾಡಿ ಬೇರೆಯೇ ಕಂಪನಿಯದು, ಆದರೆ ಹೊಳಲ್ಕೆರೆ ಕಡೆಯ ನಮ್ಮೂರಲ್ಲಿ ಅದಕ್ಕೆ "ಮರಿ ಹಿಟಾಚಿ" ಅಂತಲೇ ನಾಮಕರಣವಾಗಿದೆ. 2021ರ ದೀಪಾವಳಿ ಮುಗಿದ ಮೇಲೆ ಸೆಕೆಂಡ್‌ಹ್ಯಾಂಡಲ್ಲಿ ಹನ್ನೊಂದೂವರೆ ಲಕ್ಷ ಕೊಟ್ಟು ತಂದೆ. ಅವತ್ತು ಮೀಟರಿನಲ್ಲಿ 2,140 ತಾಸು ಇತ್ತು, ಇವತ್ತು 3,060. ಕಂಪನಿ, ಮಾಡೆಲ್ ಇಲ್ಲಿ ಬರೆಯುತ್ತಿಲ್ಲ. ಈ ಅಳತೆಯ ಎಲ್ಲ ಗಾಡಿಗಳ ಹಣೆಬರಹವೂ ಹೆಚ್ಚುಕಮ್ಮಿ ಒಂದೇ.

ಇದನ್ನು ತರುವುದಕ್ಕೆ ಕಾರಣ ಅಡಿಕೆ ಸಾಲು. ನಮ್ಮ ತೋಟದಲ್ಲಿ ಒಂಬತ್ತು ಅಡಿಗೊಂದು ಸಾಲು. ಜೆಸಿಬಿಯ ಮೈಯೇ ಏಳು ಅಡಿ ದಾಟುತ್ತದೆ. ಒಮ್ಮೆ ಡ್ರಿಪ್ಪಿನ ಮೇನ್ ಪೈಪಿಗೆ ಕಾಲುವೆ ತೋಡಿಸಲು ಒಳಗೆ ಬಿಟ್ಟೆ. ಆರು ವರ್ಷದ ನಾಲ್ಕು ಗಿಡದ ಬುಡ ಸವರಿಕೊಂಡು ಹೋಯಿತು. ಡ್ರೈವರ್ ಇಳಿದು ಬಂದು "ಸಾಲು ಸಣ್ಣದಾಯ್ತು ಕಣಣ್ಣ" ಅಂದ. ಸಾಲಿನದೇ ತಪ್ಪು! ಜೊತೆಗೆ ಅದೇ ವರ್ಷ ತೋಟದ ಮನೆಗೆ ಪಾಯ, ಸಂಪು, ಇಂಗುಗುಂಡಿ ತೆಗೆಯುವುದಿತ್ತು. ನನ್ನ ಗಾಡಿಯ ಅಗಲ ಐದು ಅಡಿ. ಕ್ಯಾಬಿನ್ ತಿರುಗಿದರೂ ಹಿಂಭಾಗ ಚೈನಿನಿಂದ ಆಚೆ ಚಾಚುವುದಿಲ್ಲ. ತೋಟಕ್ಕೆ ತರುವವರು ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಹಿಂಭಾಗ ಚಾಚುವ ಗಾಡಿಯಾದರೆ ಕಣ್ಣು ಬಕೆಟ್ಟಿನ ಮೇಲಿರುವಾಗ ಬೆನ್ನ ಹಿಂದೆ ಗಿಡ ಮುರಿದಿರುತ್ತದೆ.

ಕೊಳ್ಳುವಾಗ ನಾನು ಮೋಸಹೋದೆ ಅಂತ ಒಪ್ಪಿಕೊಳ್ಳಬೇಕು. ಮಧ್ಯವರ್ತಿ ಮೀಟರು ತೋರಿಸಿದ, ಹೊಸ ಬಣ್ಣ ತೋರಿಸಿದ, ಎಂಜಿನ್ ಮೊದಲೇ ಬಿಸಿ ಮಾಡಿಟ್ಟು ಸ್ಟಾರ್ಟ್ ಮಾಡಿ ತೋರಿಸಿದ. ನಾನು ಪಿನ್ನು ನೋಡಲಿಲ್ಲ. ಬಕೆಟ್ಟನ್ನು ನೆಲಕ್ಕೆ ಊರಿ ಬೂಮನ್ನು, ಅಂದರೆ ಗಾಡಿಗೆ ಅಂಟಿಕೊಂಡ ದೊಡ್ಡ ತೋಳನ್ನು, ಸ್ವಲ್ಪ ಸ್ವಲ್ಪವೇ ಎತ್ತಿ ಇಳಿಸಿದರೆ ಪ್ರತಿ ಕೀಲಿನಲ್ಲೂ ಪಿನ್ನು ಎಷ್ಟು ಅಲುಗಾಡುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಮೂರು ತಿಂಗಳಾದ ಮೇಲೆ ಮೆಕ್ಯಾನಿಕ್ ಹಾಗೆ ಮಾಡಿ ತೋರಿಸಿದ. "ಮೀಟರು ಎರಡು ಸಾವ್ರ ಅಂತೈತೆ, ಬುಷ್ಷು ನಾಕು ಸಾವ್ರ ಅಂತೈತೆ. ಯಾರ ಮಾತು ನಂಬ್ತೀರಿ ಯಜಮಾನ್ರೆ?" ಅಂದ. ಬುಷ್ಷು ಅಂದರೆ ಪಿನ್ನಿನ ಸುತ್ತ ಕೂರುವ ಲೋಹದ ಬಳೆ. ಅದರ ಮಾತೇ ನಿಜವಾಯಿತು. ಪಿನ್ನು, ಬುಷ್ಷು ಎಲ್ಲ ಬದಲಿಸಲು 38 ಸಾವಿರ ಹೋಯಿತು. ಬುಷ್ಷುಗಳನ್ನು ಹರಿಹರದಲ್ಲಿ ಕಡೆಸಿದೆ. ಲೇತ್ ತಯಾರಿಸುತ್ತಿದ್ದ ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು, ಆದರೆ ಲೇತ್ ಕೆಲಸ ಆ ಊರಿನ ಕೈಬಿಟ್ಟಿಲ್ಲ. ನಾನು ಕಡೆಸಿದ ಬುಷ್ಷು ಇವತ್ತಿಗೂ ಬಿಗಿಯಾಗಿದೆ.

ಹಳೆ ಗಾಡಿ ನೋಡಲು ಹೋಗುವವರು ಎಂಜಿನ್ ಪೂರಾ ತಣ್ಣಗಿರುವಾಗ ಬೆಳಿಗ್ಗೆಯೇ ಹೋಗಿ. ಬಕೆಟ್ಟಿಗೆ ಮಣ್ಣು ತುಂಬಿ ಮೇಲೆತ್ತಿ, ಎಂಜಿನ್ ಆರಿಸಿ, ಟೀ ಕುಡಿದು ಬನ್ನಿ. ಅಷ್ಟರಲ್ಲಿ ಬೂಮು ತಾನಾಗಿ ಗೇಣುದ್ದ ಇಳಿದಿದ್ದರೆ ಸಿಲಿಂಡರಿನ ಸೀಲೋ ವಾಲ್ವೋ ಹೋಗಿದೆ ಅಂತ ಅರ್ಥ. ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಉಗುರು ಆಡಿಸಿ. ಗೀರು ಉಗುರಿಗೆ ಸಿಕ್ಕಿದರೆ ಅದು ಸೀಲನ್ನು ಪದೇಪದೇ ತಿನ್ನುತ್ತದೆ. ಬಿಲ್ಲು, ಸಾಲ ತೀರಿಸಿದ ಪತ್ರ ಇಲ್ಲದೆ ಮುಂಗಡ ಕೊಡಬೇಡಿ.

ಓಡಿಸುವುದು ಕಷ್ಟವೇನಲ್ಲ, ಒಂದು ವಾರದಲ್ಲಿ ಕೈ ಕೂರುತ್ತದೆ. ಎಡಗೈ ಲಿವರಿನಲ್ಲಿ ತಿರುಗುವುದು ಮತ್ತು ಆರ್ಮು (ಬೂಮಿನ ತುದಿಯ ಚಿಕ್ಕ ತೋಳು), ಬಲಗೈಯಲ್ಲಿ ಬೂಮು ಮತ್ತು ಬಕೆಟ್ಟು. ಜೆಸಿಬಿ ಓಡಿಸುತ್ತಿದ್ದ ನಮ್ಮೂರ ಹುಡುಗ ಮೊದಲ ದಿನ ಹತ್ತಿ ಕೂತವನು ನನಗಿಂತ ಹೆಚ್ಚು ತಡವರಿಸಿದ. ಅವನ ಹಳೆ ಗಾಡಿಯ ಲಿವರ್ ಲೆಕ್ಕವೇ ಬೇರೆ ಇತ್ತು. ಏನೂ ಗೊತ್ತಿಲ್ಲದವನಿಗೆ ಇದು ಬೇಗ ಬರುತ್ತದೆ.

ಎಡವುವುದು ಗಾಡಿಯನ್ನು ನಡೆಸುವಾಗ. ಸಂಪು ತೆಗೆಯುತ್ತಿದ್ದೆ. ಏಳು ಅಡಿ ಆಳ ಮುಗಿದಿತ್ತು. ಗುಂಡಿಗೆ ಬೆನ್ನು ಮಾಡಿ ಕ್ಯಾಬಿನ್ ತಿರುಗಿಸಿ ಮಣ್ಣು ಸುರಿದೆ. ಇನ್ನು ಸ್ವಲ್ಪ ಮುಂದೆ ಹೋಗೋಣ ಅಂತ ನಡೆಸುವ ಲಿವರ್ ಎರಡನ್ನೂ ಮುಂದಕ್ಕೆ ಒತ್ತಿದೆ. ಗಾಡಿ ಹಿಂದಕ್ಕೆ ಹೋಯಿತು. ಕ್ಯಾಬಿನ್ ತಿರುಗಿದರೂ ಕೆಳಗಿನ ಚೈನು ತಿರುಗಿರುವುದಿಲ್ಲವಲ್ಲ. ಗಾಬರಿಯಲ್ಲಿ ಇನ್ನಷ್ಟು ಮುಂದಕ್ಕೇ ಒತ್ತಿದೆ. ಗುಂಡಿಯ ಅಂಚು ಕುಸಿದು ಎಡಗಡೆ ಚೈನಿನ ತುದಿ ಗಾಳಿಯಲ್ಲಿ ನಿಂತಿತು. ಮೇಸ್ತ್ರಿ "ಬಕೆಟ್ ಊರಣ್ಣಾ, ಬಕೆಟ್ ಊರು!" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಬಕೆಟ್ಟನ್ನು ದೂರಕ್ಕೆ ಚಾಚಿ ನೆಲಕ್ಕೆ ಊರಿ, ಆರ್ಮನ್ನು ಒಳಗೆಳೆದುಕೊಳ್ಳುತ್ತಾ ಗಾಡಿಯನ್ನು ಎಳೆದು ತಂದೆ. ಇಳಿದಾಗ ಮೊಣಕಾಲು ನಡುಗುತ್ತಿತ್ತು. ಅವತ್ತಿನಿಂದ ಲಿವರ್ ಮುಟ್ಟುವ ಮೊದಲು ಬ್ಲೇಡು, ಅಂದರೆ ಚೈನುಗಳ ಮುಂದಿರುವ ಮಣ್ಣು ತಳ್ಳುವ ಹಲಗೆ, ಎಲ್ಲಿದೆ ಅಂತ ನೋಡುತ್ತೇನೆ. ಬ್ಲೇಡು ಕಣ್ಣ ಮುಂದಿದ್ದರೆ ಮುಂದೆ ಅಂದರೆ ಮುಂದೆ, ಬೆನ್ನ ಹಿಂದಿದ್ದರೆ ಎಲ್ಲ ಉಲ್ಟಾ. ತೋಡಿದ ಮಣ್ಣನ್ನೂ ಅಂಚಿನಿಂದ ಕನಿಷ್ಠ ಎರಡು ಅಡಿ ಆಚೆಗೇ ಹಾಕುತ್ತೇನೆ. ಎದೆಮಟ್ಟಕ್ಕಿಂತ ಆಳದ ಕಾಲುವೆಗೆ ಆಸರೆ ಕೊಡದೆ ಯಾರನ್ನೂ ಇಳಿಸುವುದಿಲ್ಲ.

ನೆಲದ ಬಗ್ಗೆ ಒಂದು ಮಾತು. ನಮ್ಮ ಕೆಂಪು ಮಣ್ಣು, ಅದರ ಕೆಳಗಿನ ಗರಸು ಈ ಗಾಡಿಗೆ ಸಲೀಸು. ದಾವಣಗೆರೆ ಕಡೆಯ ಎರೆ ನೆಲಕ್ಕೆ ಒಮ್ಮೆ ಬಾಡಿಗೆಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬಕೆಟ್ಟಿಗೆ ಮೆತ್ತಿದ ಮಣ್ಣು ಬೀಳುವುದೇ ಇಲ್ಲ, ಚೈನಿನೊಳಗೆ ತುಂಬಿ ಗಟ್ಟಿಯಾಗುತ್ತದೆ. ಕೆಲಸಕ್ಕಿಂತ ಕೆರೆಯುವುದೇ ಹೆಚ್ಚಾಯಿತು. ಬಂಡೆ ಸಿಕ್ಕರೆ ಸುಮ್ಮನೆ ಬಿಡಿ. ಮೂರು ಟನ್ನಿನ ಗಾಡಿಯಿಂದ ಚಿತ್ರದುರ್ಗದ ಕಲ್ಲನ್ನು ಮಣಿಸಲಾಗುವುದಿಲ್ಲ. ಕಲ್ಲನ್ನು ಬಕೆಟ್ಟಿನ ಪಕ್ಕದಿಂದ ಗುದ್ದಿ ಸರಿಸುವ ಚಟವಂತೂ ಕ್ಯಾಬಿನ್ ಕೂತು ತಿರುಗುವ ಟರ್ನ್‌ಟೇಬಲ್ಲಿಗೆ ವಿಷ.

ಬೋರ್‌ವೆಲ್ ಮರುಪೂರಣದ ಗುಂಡಿಗಳನ್ನು ಇದರಲ್ಲಿ ಹದಿನಾಲ್ಕು ತೆಗೆದಿದ್ದೇನೆ. ನನಗೆ ತೃಪ್ತಿ ಕೊಟ್ಟ ಕೆಲಸ ಅದೊಂದೇ. ಕೇಸಿಂಗ್ ಪೈಪಿನ ಸುತ್ತ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳ. ಗಾಡಿಯ ಕೈ ಒಂಬತ್ತಡಿಗೆ ಮುಗಿಯುತ್ತದೆ, ಹಾಗಾಗಿ ಒಂದು ಬದಿಗೆ ಮೊದಲು ಇಳಿಜಾರು ತೆಗೆದು ಒಂದೆರಡು ಅಡಿ ಕೆಳಗಿಳಿದು ನಿಲ್ಲಬೇಕು. ಕೇಸಿಂಗಿನ ಸುತ್ತ ಎರಡಡಿ ಮಾತ್ರ ಹಾರೆ, ಗುದ್ದಲಿಯಲ್ಲೇ. ಎರಡನೇ ಗುಂಡಿಯಲ್ಲೇ ಬಕೆಟ್ಟಿನ ಹಲ್ಲು ತಾಗಿ ಪೈಪು ಸೀಳಿತ್ತು. ರಿಪೇರಿ ದುಡ್ಡು ನಾನೇ ಕೊಟ್ಟೆ, ಬೋರಿನ ಮಾಲೀಕರ ಮುಖ ನೋಡಲು ಆಗಲಿಲ್ಲ.

ಇನ್ನು ಆರೈಕೆ. ನನ್ನ ಗಾಡಿಗೆ ಗ್ರೀಸಿನ ನಿಪ್ಪಲ್ಲು 17. ದಿನಾ ಕೆಲಸ ಶುರುವಾಗುವ ಮೊದಲು ಎಲ್ಲದಕ್ಕೂ ಹೊಡೆಯಬೇಕು, ಹಳೆ ಕಪ್ಪು ಗ್ರೀಸು ಹೊರಗೆ ಉಕ್ಕುವವರೆಗೆ. ಇಪ್ಪತ್ತು ನಿಮಿಷದ ಕೆಲಸ, ಮೈಕೈಯೆಲ್ಲ ಜಿಡ್ಡು. ಆಯುಧಪೂಜೆಗೆ ನಿಂಬೆಹಣ್ಣು, ಕುಂಬಳಕಾಯಿ ಎಲ್ಲ ಇಟ್ಟು, ಉಳಿದ 364 ದಿನ ಗ್ರೀಸ್ ಗನ್ ಮುಟ್ಟದವರ ಗಾಡಿ ಕಿರ್‌ಕಿರ್ ಅನ್ನುವುದು ಎರಡು ಹೊಲ ಆಚೆಗೂ ಕೇಳುತ್ತದೆ. ಎಂಜಿನ್ ಆಯಿಲ್ಲು, ಫಿಲ್ಟರು 250 ತಾಸಿಗೆ. ಡೀಸೆಲ್ಲಿನ ನೀರು ಕಟ್ಟುವ ಬಟ್ಟಲನ್ನು ವಾರಕ್ಕೊಮ್ಮೆ ಬಿಚ್ಚಿ ಚೆಲ್ಲುತ್ತೇನೆ. ಬೇಸಿಗೆಯಲ್ಲಿ ರೇಡಿಯೇಟರಿಗೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಬೇಕು, ಇಲ್ಲದಿದ್ದರೆ ಏಪ್ರಿಲ್ ಮಧ್ಯಾಹ್ನ ಟೆಂಪರೇಚರ್ ಮುಳ್ಳು ಮೇಲೆ ಹೋಗಿ ನಿಲ್ಲುತ್ತದೆ.

ಗಾಡಿಯ ತೋಳುಗಳಿಗೆ ಆಯಿಲ್ಲು ಒಯ್ಯುವ ಹೋಸ್ ಪೈಪಿನ ವಿಷಯದಲ್ಲಿ ಮಾತ್ರ ಜೀವಭಯ ಇಟ್ಟುಕೊಳ್ಳಿ. ಒಂದು ದಿನ ಆರ್ಮಿನ ಪೈಪಿನ ಹತ್ತಿರ ಮಂಜಿನ ಹಾಗೆ ಆಯಿಲ್ಲು ಹಾರುತ್ತಿತ್ತು. ಎಲ್ಲಿಂದ ಅಂತ ನೋಡಲು ಕೈ ಇಡಲು ಹೋದೆ. ಮೆಕ್ಯಾನಿಕ್ ಕೈಯನ್ನೇ ತಳ್ಳಿದ. ಒಳಗಿನ ಒತ್ತಡ 200 ಬಾರ್‌ಗೂ ಮೇಲೆ, ಅಂದರೆ ಕಾರಿನ ಟೈರಿನ ಸುಮಾರು ನೂರು ಪಟ್ಟು. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ಲು ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ, ಮೇಲೆ ಚುಕ್ಕೆಯಷ್ಟೇ ಕಾಣುತ್ತದೆ. ಅವನು ಒಂದು ರಟ್ಟಿನ ತುಂಡು ಹಿಡಿದು ಜಾಗ ಹುಡುಕಿದ. ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿವರುಗಳನ್ನು ನಾಲ್ಕೂ ಕಡೆ ಆಡಿಸಿ ಒತ್ತಡ ಬಿಟ್ಟ ಮೇಲೆಯೇ ಪೈಪು ಬಿಚ್ಚಿದ. ಕಂಪನಿ ಸರ್ವಿಸಿನವರು ಅದೇ ಪೈಪನ್ನು ಮೂರು ದಿನದಲ್ಲಿ ತರಿಸುತ್ತೇವೆ ಅಂದವರು ಹನ್ನೊಂದು ದಿನ ಕಾಯಿಸಿದರು. ಈಗ ದಾವಣಗೆರೆಯಲ್ಲಿ ಅಳತೆ ಕೊಟ್ಟು ಹೊಸ ಪೈಪಿಗೆ ತುದಿ ಪ್ರೆಸ್ ಮಾಡಿಸಿಕೊಂಡು ಸಂಜೆಗೆ ವಾಪಸ್ ಬರುತ್ತೇನೆ.

ರಬ್ಬರ್ ಚೈನು ಒಂದು ಜೊತೆ ಬದಲಿಸಿದ್ದೇನೆ, 1 ಲಕ್ಷ 20 ಸಾವಿರ. ತಪ್ಪು ನನ್ನದೇ. ಬೆಣಚುಕಲ್ಲಿನ ಮೇಲೆ ನಿಂತಲ್ಲೇ ತಿರುಗಿಸುತ್ತಿದ್ದೆ.

ಈಗ ದುಡ್ಡಿನ ಮಾತು. 920 ತಾಸಿನಲ್ಲಿ ನನ್ನ ಸ್ವಂತ ಕೆಲಸ 380, ಉಳಿದ 540 ತಾಸು ಬಾಡಿಗೆ. ತಾಸಿಗೆ 900ರಂತೆ ಬಾಡಿಗೆ ಬಂದದ್ದು 4 ಲಕ್ಷ 86 ಸಾವಿರ. ಡೀಸೆಲ್ ತಾಸಿಗೆ ಮೂರು ಲೀಟರು, ಒಟ್ಟು 2 ಲಕ್ಷ 43 ಸಾವಿರ. ಚೈನು, ಬುಷ್ಷು, ಪೈಪು, ಆಯಿಲ್ಲು ಎಲ್ಲ ಸೇರಿ 2 ಲಕ್ಷ 67 ಸಾವಿರ. ಅಂದರೆ ಕೈಯಿಂದ 24 ಸಾವಿರ ಹೋಗಿದೆ. ಇವತ್ತು ಮಾರಿದರೆ ಎಂಟು ಲಕ್ಷ ಸಿಗಬಹುದು, ಮೂರೂವರೆ ಲಕ್ಷ ಅಲ್ಲೂ ಇಳಿಯಿತು. ನನ್ನ ಕೆಲಸಕ್ಕೆ ತಾಸಿಗೆ ಸುಮಾರು 984 ರೂಪಾಯಿ ಬಿದ್ದ ಹಾಗಾಯಿತು. ಜೆಸಿಬಿ ಬಾಡಿಗೆ ನಮ್ಮಲ್ಲಿ 1,200. ಬಡ್ಡಿಯನ್ನೂ ನನ್ನ ಕೂಲಿಯನ್ನೂ ಸೇರಿಸಿದರೆ ನಷ್ಟ. ಬಾಡಿಗೆಗೆ ಓಡಿಸದೆ ಬರೀ ಮನೆಗೆ ಅಂತ ಇಟ್ಟುಕೊಂಡಿದ್ದರೆ ಕೇಳುವುದೇ ಬೇಡ. ಪಾಯ, ಸಂಪು, ಒಂದು ಕಾಲುವೆ ಇಷ್ಟೇ ನಿಮ್ಮ ಕೆಲಸವಾದರೆ ಚಿಕ್ಕ ಗಾಡಿಯನ್ನೇ ನಾಲ್ಕು ದಿನ ಬಾಡಿಗೆಗೆ ತರಿಸಿ. ಸಾಲುತೋಟವಿದ್ದು, ವರ್ಷವಿಡೀ ಸಣ್ಣಪುಟ್ಟ ಕೆಲಸ ಬರುತ್ತಾ, ಬೆಳಿಗ್ಗೆ ಗ್ರೀಸು ಹೊಡೆಯಲು ಬೇಸರವಿಲ್ಲದಿದ್ದರೆ ಇಬ್ಬರು ಮೂವರು ಸೇರಿ ಕೊಳ್ಳಿ.

ನನಗೆ ಮಾರುವ ಮನಸ್ಸಿಲ್ಲ. ಮೇಲಿನ ಆಯಿಲ್ಲನ್ನು ಕೆಳಗಿನ ಚೈನಿಗೆ ದಾಟಿಸುವ ಮಧ್ಯದ ಸ್ವಿವೆಲ್ ಸೀಲಿನಿಂದ ಎಂಟು ದಿನದಿಂದ ಆಯಿಲ್ಲು ತೊಟ್ಟಿಕ್ಕುತ್ತಿದೆ, ಕೆಳಗೆ ಸಿಮೆಂಟ್ ಬಾಂಡ್ಲಿ ಇಟ್ಟಿದ್ದೇನೆ. ಸೋಮವಾರ ದೊಡ್ಡಪ್ಪನ ಬೋರಿಗೆ ಗುಂಡಿ ತೆಗೆಯುವುದಿದೆ, ಅಷ್ಟರೊಳಗೆ ಸೀಲು ಬರಬೇಕು.