ಫೌಂಟನ್ ಫುಟ್‌ಪಾತಿನ ಹಳೇ ಪುಸ್ತಕದಂಗಡಿ: ನೋಡಿ ಕೊಳ್ಳಿ, ಆದರೆ ಖಂಡಿತ ಹೋಗಿ

ಮುಂಬಯಿಯ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿದು ಫ್ಲೋರಾ ಫೌಂಟನ್ ಕಡೆ ಹತ್ತು ನಿಮಿಷ ನಡೆದರೆ ಫುಟ್‌ಪಾತಿನ ಮೇಲೆ ಹಳೇ ಪುಸ್ತಕಗಳ ರಾಶಿ ಕಾಣುತ್ತದೆ. ಮೊದಲಿನಷ್ಟು ಅಂಗಡಿಗಳು ಈಗಿಲ್ಲ. ಇದ್ದಷ್ಟರಲ್ಲಿ ಒಂದಕ್ಕೆ ಎರಡು ತಿಂಗಳಿಂದ ಶನಿವಾರ ಶನಿವಾರ ಹೋಗುತ್ತಿದ್ದೇನೆ. ಸಂಗೀತ, ಇತಿಹಾಸ, ರಾಜಕೀಯದ ಪುಸ್ತಕ ಬೇಕಾದರೆ ಕಣ್ಣುಮುಚ್ಚಿ ಹೋಗಿ. ಕೋಡಿಂಗ್ ಪುಸ್ತಕ ಮಾತ್ರ ಕಣ್ಣು ಬಿಟ್ಟು ಕೊಳ್ಳಬೇಕು.

ನಾನು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಆಫೀಸಿನಲ್ಲಿ ದಿನವೆಲ್ಲ ಅದೇ ಎಕ್ಸೆಲ್ ಶೀಟು ತುಂಬುವ ಕೆಲಸ, ಅದನ್ನು ಕಂಪ್ಯೂಟರೇ ಮಾಡೋ ಹಾಗೆ ಬರೆಯಬೇಕು ಅನ್ನೋ ಆಸೆ. ಅಲ್ಲಿ ಒಂದು ದಪ್ಪ ಪುಸ್ತಕ 200 ರೂಪಾಯಿಗೆ ಸಿಕ್ಕಿತು. ಮನೆಗೆ ಬಂದು ಮೊದಲ ಪಾಠದ ಮೊದಲ ಸಾಲು ಇದ್ದ ಹಾಗೇ ಟೈಪ್ ಮಾಡಿದೆ. ಎರರ್. ಅಕ್ಷರ ಅಕ್ಷರ ನೋಡಿ ಮತ್ತೆ ಮಾಡಿದೆ, ಮತ್ತೆ ಎರರ್. ಮೂರು ರಾತ್ರಿ ಹೀಗೇ ಹೋಯಿತು, ಇದು ನನಗೆ ಆಗೋದಲ್ಲ ಅಂತ ಅಳು ಬರೋ ಹಾಗಾಗಿತ್ತು. ಕೊನೆಗೆ ಮಗಳು ಬಂದು, "ಅಮ್ಮಾ, ಇದು ಪೈಥಾನ್ ಎರಡರ ಪುಸ್ತಕ, ನಿನ್ನ ಲ್ಯಾಪ್‌ಟಾಪಿನಲ್ಲಿರೋದು ಮೂರು" ಅಂದಳು. ಪರದೆ ಮೇಲೆ ಏನಾದರೂ ತೋರಿಸೋಕೆ ಎರಡರಲ್ಲಿ ಪ್ರಿಂಟ್ ಅಂತ ಬರೆದು ಮುಂದೆ ಮಾತು ಬರೆದರೆ ಸಾಕಿತ್ತು. ಮೂರರಲ್ಲಿ ಆ ಮಾತನ್ನು ಬ್ರಾಕೆಟ್ ಒಳಗೆ ಇಡಲೇಬೇಕು. ಭಾಗಾಕಾರವೂ ಬೇರೆ: 5ನ್ನು 2ರಿಂದ ಭಾಗಿಸಿದರೆ ಹಳೆಯದು 2 ಅನ್ನುತ್ತದೆ, ಹೊಸದು 2.5. ಲೆಕ್ಕಪತ್ರದ ಕೆಲಸದವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ? ಮೂರು ಬಂದಿದ್ದು 2008ರಲ್ಲಿ, ಎರಡಕ್ಕೆ ಪೂರ್ತಿ ವಿದಾಯ ಹೇಳಿದ್ದು 2020ರ ಜನವರಿ 1ಕ್ಕೆ. ಅದಕ್ಕೇ ಮೊದಲು ಒಳಪುಟ ತೆರೆದು ಇಸವಿ ನೋಡಿ, ಒಂದೆರಡು ಪ್ರಿಂಟ್ ಸಾಲು ನೋಡಿ, ಆಮೇಲೆ ದುಡ್ಡು ಕೊಡಿ.

ಅಂಗಡಿಯವರಿಗೆ ಹೇಳಿದೆ. ಇಸವಿ ತಾವೂ ನೋಡಿರಲಿಲ್ಲ ಅಂತ ಒಪ್ಪಿಕೊಂಡು, ಪುಸ್ತಕ ವಾಪಸ್ ತಗೊಂಡು 100 ರೂಪಾಯಿ ಕೊಟ್ಟರು. ಪೂರ್ತಿ ಕೊಟ್ಟಿದ್ದರೆ ಚೆನ್ನಾಗಿತ್ತು.

ಆ ನೂರಕ್ಕೆ ಇನ್ನೊಂದು ಐವತ್ತು ಸೇರಿಸಿ ತಂದ ಪುಸ್ತಕ ಮಾತ್ರ ನನ್ನ ಪಾಲಿಗೆ ಚಿನ್ನ. ಇದೇ ಮುಂಬಯಿಯ ಸಂಗೀತ ವಿದ್ವಾಂಸ ಭಾತಖಂಡೆಯವರು ಹಿಂದೂಸ್ತಾನಿ ಸಂಗೀತದ ಬಂದಿಶ್‌ಗಳನ್ನು, ಅಂದರೆ ರಾಗಕ್ಕೆ ಕೂರಿಸಿದ ಹಾಡುಗಳನ್ನು, ಸ್ವರಲಿಪಿಯಲ್ಲಿ ಬರೆದಿಟ್ಟ ಸಂಪುಟಗಳಲ್ಲಿ ಒಂದು, ಮರಾಠಿಯಲ್ಲಿ. ಧಾರವಾಡದಲ್ಲಿ ಚಿಕ್ಕವಳಿದ್ದಾಗ ನಾಲ್ಕು ವರ್ಷ ಹಾಡು ಕಲಿತಿದ್ದೆ, ಆಮೇಲೆ ಬಿಟ್ಟೇ ಹೋಯಿತು. ಯಮನ್ ರಾಗದ ಪುಟದಲ್ಲಿ ಮಧ್ಯಮ ಸ್ವರದ ತಲೆ ಮೇಲೆ ಸಣ್ಣ ಗೀಟು, ಅಂದರೆ ತೀವ್ರ, ಸ್ವಲ್ಪ ಏರಿಸಿದ್ದು. ಸ್ವರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಸ್ವಲ್ಪ ಇಳಿಸಿದ್ದು; ಚುಕ್ಕೆ ಇದ್ದರೆ ಮಂದ್ರ, ಕೆಳಗಿನ ಸ್ಥಾಯಿಯದು. ಹಿಂದೆ ಈ ಪುಸ್ತಕ ಇಟ್ಟುಕೊಂಡಿದ್ದವರು ಒಂದು ತಾನಿನ (ವೇಗವಾಗಿ ಹಾಡೋ ಸ್ವರಗಳ ಸಾಲು) ಪಕ್ಕ ಪೆನ್ಸಿಲಿನಲ್ಲಿ 'ಹಳೂ' ಅಂತ ಬರೆದಿದ್ದಾರೆ, ಮರಾಠಿಯಲ್ಲಿ ನಿಧಾನ ಅಂತ. ಅಳಿಸಿಲ್ಲ, ಅಳಿಸೋದೂ ಇಲ್ಲ. ಪೈಥಾನ್‌ನಲ್ಲಿ ಒಂದು ಸಾಲನ್ನು ನಾಲ್ಕು ಜಾಗ ಒಳಗೆ ಸರಿಸಿದರೆ ಅದು ಲೂಪಿಗೆ, ಅಂದರೆ ಮತ್ತೆ ಮತ್ತೆ ನಡೆಯೋ ಭಾಗಕ್ಕೆ, ಸೇರುತ್ತದೆ, ಸರಿಸದಿದ್ದರೆ ಹೊರಗೆ. ಯಾಕಿಷ್ಟು ಹಠ ಅಂತ ಸಿಟ್ಟಾಗಿತ್ತು. ಒಂದು ಚುಕ್ಕೆ ಎಲ್ಲಿದೆ ಅನ್ನೋದರ ಮೇಲೇ ಸ್ವರದ ಸ್ಥಾಯಿ ನಿಂತಿರುತ್ತದಲ್ಲ, ಆ ಚುಕ್ಕೆ ನೋಡುತ್ತಾ ಕೂತಾಗ ಆ ಸಿಟ್ಟು ಹೋಯಿತು.

ಹೋದ ಶನಿವಾರ ರಾಶಿಯ ತಳದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿ ಸಿಕ್ಕಿತು, ಬೆನ್ನು ಕಿತ್ತುಹೋಗಿದ್ದ ಪ್ರತಿ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ವರದಿ. ನಿಂತಲ್ಲೇ ಓದಿದೆ, ಅಂಗಡಿಯವರು ಕೊಳ್ಳಿ ಅಂತ ಒಮ್ಮೆಯೂ ಅವಸರ ಮಾಡಲಿಲ್ಲ. ನಮ್ಮ ಕನ್ನಡದ ಜಿಲ್ಲೆಗಳು ಒಂದಾಗಲಿ ಅಂದ ಅದೇ ವರದಿ ಮುಂಬಯಿಯನ್ನು ಮರಾಠಿ-ಗುಜರಾತಿ ದ್ವಿಭಾಷಾ ರಾಜ್ಯದಲ್ಲೇ ಇಡಿ ಅಂದಿತ್ತು. ಅದೇ ವರ್ಷ ನವೆಂಬರ್ 21ಕ್ಕೆ ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕು ಅಂದವರ ಮೇಲೆ ಇದೇ ಫೌಂಟನ್ ಹತ್ತಿರ ಗೋಲಿಬಾರ್ ಆಗಿ ಜನ ಸತ್ತರು, ಅದಕ್ಕೇ ಈ ಜಾಗ ಹುತಾತ್ಮಾ ಚೌಕ್. ನಮ್ಮಜ್ಜನ ಧಾರವಾಡ 1956ರವರೆಗೆ ಬಾಂಬೆ ರಾಜ್ಯದಲ್ಲೇ ಇತ್ತು. ನಮಗೆ ನಮ್ಮ ಭಾಷೆಯ ರಾಜ್ಯ ಮೊದಲು ಸಿಕ್ಕಿತು, ಮರಾಠಿಗರು 1960ರ ಮೇ 1ರವರೆಗೆ ಕಾದರು. ಬೆಳಗಾವಿ ಬಗ್ಗೆ ಕೂಗಾಡುವಾಗ ಎರಡೂ ಕಡೆಯವರು ಈ ವರದಿಯನ್ನು ಒಮ್ಮೆ ಓದಬೇಕು ಅನ್ನಿಸಿತು.

ಮಳೆಗಾಲದಲ್ಲಿ ಎಲ್ಲ ಟಾರ್ಪಾಲಿನ ಕೆಳಗೆ ಹೋಗುತ್ತದೆ, ಹುಡುಕೋದು ಕಷ್ಟ. ಚೌಕಾಸಿ ನಡೆಯುತ್ತದೆ, ಜಾಸ್ತಿ ಎಳೆಯಬೇಡಿ. ಭಾತಖಂಡೆಯವರ ಉಳಿದ ಸಂಪುಟ ಬಂದರೆ ತೆಗೆದಿಡಿ ಅಂದಿದ್ದೇನೆ. ಅಂಗಡಿಯವರು ಚೀಟಿಯಲ್ಲಿ ಬರೆದುಕೊಂಡು ದುಡ್ಡಿನ ಡಬ್ಬಿಯೊಳಗೆ ಹಾಕಿದ್ದಾರೆ.