ಹನ್ನೆರಡು ವರ್ಷ, ಐದು ಸಲ ಹಡಗು: ಟವೆಲ್ಲಿನ ಆನೆ ಎಲ್ಲಿ ಹೋಯ್ತು?

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಿಮೆಂಟು, ಕಬ್ಬಿಣದ ಅಂಗಡಿ. ಕ್ರೂಸ್ ಹಡಗಿನ ಬಗ್ಗೆ ಬರೆಯಲು ಇವನ್ಯಾರು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. 2013ರಲ್ಲಿ ಟಾರ್ಗೆಟ್ ಮುಟ್ಟಿಸಿದ ಡೀಲರುಗಳನ್ನು ಸಿಮೆಂಟ್ ಕಂಪನಿಯವರು ಸಿಂಗಾಪುರಕ್ಕೆ ಕರೆದೊಯ್ದು ಹಡಗು ಹತ್ತಿಸಿದ್ದರು. ಅಲ್ಲಿಂದ ರುಚಿ ಹತ್ತಿತು. 2017, 2019, 2023, ಕೊನೆಗೆ 2025, ಈ ನಾಲ್ಕೂ ಸಲ ಮನೆಯವರನ್ನು ಕರೆದುಕೊಂಡು ಸ್ವಂತ ರೊಕ್ಕದಲ್ಲಿ ಹೋಗಿ ಬಂದಿದ್ದೇನೆ. ಐದೂ ಸಲ ಒಂದೇ ಕಂಪನಿ, ಸಿಂಗಾಪುರದಿಂದಲೇ ಹೊರಡುವ ಹಡಗು. ಒಮ್ಮೆ ಮಲೇಷ್ಯಾದ ಪೋರ್ಟ್ ಕ್ಲಾಂಗ್, ಒಮ್ಮೆ ಅಲ್ಲಿನದೇ ಪೆನಾಂಗ್, ಥಾಯ್ಲೆಂಡಿನ ಪುಕೆಟ್. ಕಂಪನಿಯ ಹೆಸರು ಬರೆಯುವುದಿಲ್ಲ. ಇವತ್ತು ಯಾವ ಹಡಗು ಹತ್ತಿದರೂ, ಸೇವೆ ಒಂದೊಂದಾಗಿ ಕಡಿಮೆಯಾದದ್ದು ಹೆಚ್ಚುಕಡಿಮೆ ಇದೇ ಕತೆ.

ನಮ್ಮವ್ವನಿಗೆ ಮಾತ್ರ ಈ ಹುಚ್ಚು ಇವತ್ತಿಗೂ ಅರ್ಥವಾಗಿಲ್ಲ. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಪಾಲಾಗಿದೆ. "ನೀರು ಬಂದು ಊರು ಬಿಡಿಸ್ತು. ಈಗ ನೀ ರೊಕ್ಕಾ ಕೊಟ್ಟು ನೀರಿಗೆ ಹೊಂಟಿಯಲ್ಲೋ" ಅಂದಿದ್ದಳು 2017ರಲ್ಲಿ. ಪ್ರತಿ ಸಲ ಹೊರಡುವಾಗಲೂ ಅದೇ ಮಾತು.

ಮೊದಲ ಸಲದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಾತ್ರಿ ಊಟ ಮುಗಿಸಿ ಕ್ಯಾಬಿನ್ನಿಗೆ ಬಂದರೆ ಹಾಸಿಗೆ ಮೇಲೆ ಟವೆಲ್ ಮಡಚಿ ಮಾಡಿದ ಆನೆ. ಪಕ್ಕದಲ್ಲಿ ಎರಡು ಚಾಕಲೇಟು, ನಾಳೆ ಯಾವ ಹೊತ್ತಿಗೆ ಏನು ಅಂತ ಅಚ್ಚು ಹಾಕಿದ ನಾಲ್ಕು ಪುಟದ ಹಾಳೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹುಡುಗ ಬಂದು ರೂಮು ಚೊಕ್ಕ ಮಾಡಿ ಹೋಗುತ್ತಿದ್ದ. ಎರಡನೇ ರಾತ್ರಿ ಮಂಗ, ಮೂರನೇ ರಾತ್ರಿ ನನ್ನದೇ ಕನ್ನಡಕ ಹಾಕಿಸಿ ಕೂರಿಸಿದ ಮೊಲ. ಇಳಕಲ್ಲಿನಿಂದ ಬಂದಿದ್ದ ಗ್ರಾನೈಟ್ ವ್ಯಾಪಾರಿಯೊಬ್ಬರು ಆ ಆನೆಯನ್ನು ಬಿಚ್ಚಲು ಮನಸ್ಸಾಗದೆ, ಸ್ನಾನಕ್ಕೆ ನನ್ನ ಟವೆಲ್ ಕೇಳಿಕೊಂಡು ಬಂದಿದ್ದರು!

2017ರಲ್ಲೂ ಆನೆ ಇತ್ತು. ಚಾಕಲೇಟು ಎರಡಿದ್ದದ್ದು ಒಂದಾಗಿತ್ತು. 2019ರ ಡಿಸೆಂಬರಿನಲ್ಲಿ ಮಗ, ಸೊಸೆ, ಮೊಮ್ಮಗಳನ್ನೂ ಕಟ್ಟಿಕೊಂಡು ಹೋದಾಗ ಚಾಕಲೇಟು ಇರಲಿಲ್ಲ, ಆನೆ ಮಾತ್ರ ದಿನ ಬಿಟ್ಟು ದಿನ. ಗಮನಿಸಿದೆ, ಆದರೆ ಬೇಸರವೇನೂ ಆಗಲಿಲ್ಲ. ಮೊಮ್ಮಗಳಿಗೆ ಎರಡು ಆನೆ ಸಿಕ್ಕಿದ್ದೇ ಹೆಚ್ಚು.

ನಾವು ಬಂದು ಎರಡು ತಿಂಗಳಾಗಿರಲಿಲ್ಲ, ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದು ನಿಲ್ಲಿಸಿದರು. ಅದರಲ್ಲಿದ್ದ 700ಕ್ಕೂ ಹೆಚ್ಚು ಜನರಿಗೆ ಕೊರೊನಾ ತಗುಲಿತು. 2020ರ ಮಾರ್ಚಿನಲ್ಲಿ ಜಗತ್ತಿನ ಕ್ರೂಸ್ ಹಡಗುಗಳೆಲ್ಲ ನಿಂತವು. ನಿಂತ ಹಡಗಿಗೂ ಡೀಸೆಲ್ ಬೇಕು, ಕಾವಲು ಬೇಕು, ಸಾಲದ ಬಡ್ಡಿಯಂತೂ ನಿಲ್ಲುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಂಪನಿಯಾದ ಕಾರ್ನಿವಲ್ ಸಾಲ 2021ರಲ್ಲಿ 3,000 ಕೋಟಿ ಡಾಲರ್ ದಾಟಿತು. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ ಶೇ. 3.5ರ ಬದಲು ಶೇ. 0.5ಕ್ಕಿಂತ ಹೆಚ್ಚಿರಬಾರದು ಅಂತ ಅಂತಾರಾಷ್ಟ್ರೀಯ ನಿಯಮವೂ ಜಾರಿಗೆ ಬಂದಿತ್ತು. ಶುದ್ಧ ಎಣ್ಣೆಯೆಂದರೆ ತುಟ್ಟಿ ಎಣ್ಣೆ. ಇಷ್ಟು ಭಾರ ಹೊತ್ತವರು ಎಲ್ಲಾದರೂ ಕತ್ತರಿ ಹಾಕಲೇಬೇಕು. ವ್ಯಾಪಾರ ಮಾಡುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2023ರಲ್ಲಿ ಹತ್ತಿದಾಗ ಕತ್ತರಿ ಎಲ್ಲೆಲ್ಲಿ ಆಡಿದೆ ಅಂತ ಕಂಡಿತು. ರೂಮು ಚೊಕ್ಕ ಮಾಡುವುದು ದಿನಕ್ಕೆ ಒಂದೇ ಸಲ, ಬೆಳಗ್ಗೆಯೋ ಸಂಜೆಯೋ ನೀವೇ ಆರಿಸಿಕೊಳ್ಳಿ. ಸಣ್ಣ ಸೋಪು, ಶಾಂಪೂ ಬಾಟಲಿ ಹೋಗಿ ಗೋಡೆಗೆ ಡಬ್ಬಿ ಬಡಿದಿದ್ದರು, ಒತ್ತಿದರೆ ಸುರಿಯುತ್ತದೆ. ಅಚ್ಚಿನ ಹಾಳೆ ಇಲ್ಲ, ಎಲ್ಲವೂ ಮೊಬೈಲ್ ಆಪಿನಲ್ಲಿ. ನಮ್ಮ ಮನೆಯವರು ಚಾಳೀಸು ಹಾಕಿಕೊಂಡು ಆಪಿನಲ್ಲಿ ಮ್ಯಾಜಿಕ್ ಶೋ ಹುಡುಕುವಷ್ಟರಲ್ಲಿ ಶೋ ಮುಗಿದಿತ್ತು. ಆನೆ ನಾಲ್ಕು ರಾತ್ರಿಯಲ್ಲಿ ಒಂದು ರಾತ್ರಿ. 2025ರಲ್ಲಿ ಅದೂ ಇಲ್ಲ.

ಊಟದ ಮಾತು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಕಡೆಯವರು ಮೊದಲು ಕೇಳುವುದೇ "ಅಲ್ಲಿ ಉಣ್ಣಾಕ ಏನ್ರೀ?" ಅಂತ. ಸಿಂಗಾಪುರದ ಹಡಗಿನಲ್ಲಿ ಭಾರತದವರು ಬಹಳ ಇರುವುದರಿಂದ ಶಾಕಾಹಾರಿ ಊಟಕ್ಕೆ ಮೊದಲಿನಿಂದಲೂ ತೊಂದರೆ ಇಲ್ಲ, ಜೈನ ಊಟವೂ ಸಿಗುತ್ತದೆ. 2013, 2017ರಲ್ಲಿ ಭಾರತೀಯ ಅಡುಗೆಯವರೊಬ್ಬರು ತಾವೇ ಟೇಬಲ್ಲಿಗೆ ಬಂದು ನಾಳೆಗೇನು ಮಾಡಲಿ ಅಂತ ಕೇಳುತ್ತಿದ್ದರು. ಬಿಸಿ ರೊಟ್ಟಿ ಕಣ್ಣೆದುರೇ ತಂದೂರಿನಿಂದ ಬರುತ್ತಿತ್ತು. ಮೊಸರು ದೊಡ್ಡ ಬೋಗುಣಿಯಲ್ಲಿ. ಈಗ ರೊಟ್ಟಿಯನ್ನು ಮುಂಚೆಯೇ ಸುಟ್ಟು ಫಾಯಿಲ್ ಸುತ್ತಿ ಇಟ್ಟಿರುತ್ತಾರೆ, ಮೇಲಿನೆರಡು ಒಣಗಿದ್ದರೆ ಕೆಳಗಿನವು ಬೆವತಿರುತ್ತವೆ. ಪನೀರು ಬೆರಳುದ್ದ ಇದ್ದದ್ದು ಉಗುರುದ್ದ ಆಗಿದೆ. ಮೊಸರಿನ ಜಾಗದಲ್ಲಿ ಸಣ್ಣ ಕಪ್ಪಿನ ಸಿಹಿ ಯೋಗರ್ಟ್. ಸಿಹಿ ಮೊಸರಿನಲ್ಲಿ ಅನ್ನ ಕಲಸಿ ಉಂಡವರಿಗಷ್ಟೇ ನಮ್ಮ ಸಂಕಟ ಗೊತ್ತು. ಚೆನ್ನಾಗಿ ಉಣ್ಣಬೇಕೆಂದರೆ ಬೇರೆ ರೊಕ್ಕ ಕೊಟ್ಟು ಹೋಗುವ ಹೋಟೆಲು ಹಡಗಿನೊಳಗೇ ಇದೆ. ಅಲ್ಲಿ ಪನೀರು ಇನ್ನೂ ಬೆರಳುದ್ದ ಇದೆ. ಅಂದರೆ ಪನೀರಿಗೇನೂ ಬರ ಬಂದಿಲ್ಲ.

ಅಂದಹಾಗೆ, ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿನೊಳಗೆ ಬಿಡುವುದಿಲ್ಲ. 2017ರಲ್ಲಿ ನಮ್ಮ ಮನೆಯವರು ಕಟ್ಟಿದ್ದ ಇಪ್ಪತ್ತು ಖಟಕ ರೊಟ್ಟಿಯನ್ನು ಸಿಂಗಾಪುರದ ಮರೀನಾ ಬೇ ಟರ್ಮಿನಲ್ಲಿನಲ್ಲೇ ತೆಗೆದಿಡಬೇಕಾಯ್ತು. ಆ ಸಿಟ್ಟು ಇನ್ನೂ ನನ್ನ ಮೇಲೇ ಇದೆ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಆದರೆ ಬಿಡುತ್ತಾರೆ. ಈಗ ನಾವು ಶೇಂಗಾ ಚಟ್ನಿ ಪ್ಯಾಕೆಟ್ಟು, ಅಮೀನಗಡ ಕರದಂಟು ಒಯ್ಯುತ್ತೇವೆ. ಊಟ ಹೇಗೇ ಇರಲಿ, ಚಟ್ನಿಯೊಂದಿದ್ದರೆ ನಾಲ್ಕು ದಿನ ದಾಟುತ್ತದೆ.

ಇನ್ನು ಲೆಕ್ಕ. 2017ರಲ್ಲಿ ನಾಲ್ಕು ರಾತ್ರಿಗೆ, ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ನಿಗೆ, ಇಬ್ಬರ ಟಿಕೆಟ್ 78,000 ರೂಪಾಯಿ. ಡಾಲರ್ ಆಗ 65ರ ಆಸುಪಾಸು. 2025ರಲ್ಲಿ ಅದೇ ನಾಲ್ಕು ರಾತ್ರಿಗೆ 92,000, ಡಾಲರ್ 85ರ ಮೇಲೆ. ಡಾಲರಿನಲ್ಲಿ ನೋಡಿದರೆ ಟಿಕೆಟ್ ಇಳಿದಿದೆ! ಆದರೆ ಇಳಿಯುವ ದಿನ ಕೈಗೆ ಬರುವ ಬಿಲ್ಲು ನೋಡಿ. 2017ರಲ್ಲಿ ಅದು 9,400, ಅದರಲ್ಲಿ ಏಳು ಸಾವಿರ, ಹಡಗಿನ ಕೆಲಸದವರಿಗೆಂದು ಕಂಪನಿಯೇ ಬಿಲ್ಲಿಗೆ ಸೇರಿಸುವ ಟಿಪ್ಪು. 2025ರಲ್ಲಿ 41,000. ಟಿಪ್ಪೇ ಹನ್ನೆರಡು ಸಾವಿರ ದಾಟಿತ್ತು. ವೈಫೈ, ಒಳ್ಳೆಯ ಕಾಫಿ, ಎರಡು ರಾತ್ರಿ ಬೇರೆ ಹೋಟೆಲಿನ ಊಟ, ನಿಂಬು ಸೋಡಾ, ಎಲ್ಲ ಸೇರಿ ಉಳಿದದ್ದು. ಕಾರ್ನಿವಲ್ಲಿನ ಲೆಕ್ಕಪತ್ರ ನೋಡಿದರೂ ಆದಾಯದ ಮೂರನೇ ಒಂದು ಪಾಲು ಹಡಗಿನೊಳಗಿನ ಖರ್ಚಿನಿಂದಲೇ ಬರುತ್ತದೆ. ಟಿಕೆಟ್ ಅಗ್ಗ ಇಟ್ಟು ಒಳಗೆ ಕರೆದು, ಒಂದೊಂದಕ್ಕೂ ಬೇರೆ ಬೇರೆ ಕೈ ಚಾಚುವುದು. ಇದರ ಮೇಲೆ 2025ರಲ್ಲಿ ನಮ್ಮ ಸರ್ಕಾರದ್ದು ಪ್ಯಾಕೇಜಿಗೆ ಶೇ. 5 ಟಿ.ಸಿ.ಎಸ್. (ಮುಂಗಡವಾಗಿ ಹಿಡಿಯುವ ತೆರಿಗೆ) ಇತ್ತು. ರಿಟರ್ನ್ ತುಂಬುವಾಗ ಅದು ವಾಪಸ್ ಹೊಂದಾಣಿಕೆಯಾಗುತ್ತದೆ, ಹೆದರಬೇಡಿ.

ಬೇರೆ ಕಂಪನಿಗಳದ್ದೂ ಇದೇ ದಾರಿ. ನಾರ್ವೇಜಿಯನ್ ಕ್ರೂಸ್ ಲೈನ್ 2015ರಲ್ಲೇ ಕ್ಯಾಬಿನ್ನಿಗೆ ಊಟ ತರಿಸಿಕೊಂಡರೆ 7.95 ಡಾಲರ್ ಅಂತ ಮಾಡಿತ್ತು. 2023ರ ಆರಂಭದಲ್ಲಿ ಹೆಚ್ಚಿನ ಕ್ಯಾಬಿನ್ನುಗಳಿಗೆ ಸಂಜೆಯ ಚೊಕ್ಕ ಮಾಡುವುದನ್ನು ನಿಲ್ಲಿಸಿತು. ಕಾರ್ನಿವಲ್ಲಿನಲ್ಲಿ ರಾತ್ರಿ ಊಟಕ್ಕೆ ಮೂರನೇ ಮುಖ್ಯ ಪದಾರ್ಥ ಕೇಳಿದರೆ 5 ಡಾಲರ್. ಮೂರನೆಯದನ್ನು ಯಾರು ತಿನ್ನುತ್ತಾರೆ ಅಂತ ನಗಬೇಡಿ. ನಮ್ಮ ಡೀಲರುಗಳ ಗುಂಪು ಹೋದರೆ ಆ ಕಂಪನಿ ಒಂದೇ ರಾತ್ರಿಯಲ್ಲಿ ಸಾಲ ತೀರಿಸೀತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಕಡೆ. 2025ರಲ್ಲಿ ಕ್ಯಾಬಿನ್ ಟಿ.ವಿ.ಯಲ್ಲಿ ಒಂದು ಸಂದೇಶ ಬಿಟ್ಟಿದ್ದರು: ಪರಿಸರ ಕಾಳಜಿಗಾಗಿ ಮತ್ತು ನಿಮ್ಮ ಏಕಾಂತಕ್ಕೆ ಭಂಗ ಬರದಿರಲೆಂದು ದಿನಕ್ಕೆ ಒಂದೇ ಸಲ ಸೇವೆ. ಅಂಗಡಿಯಲ್ಲಿ ಕೂತು ಮೂವತ್ತು ವರ್ಷ ಸಿಮೆಂಟ್ ಮಾರಿದವನು ನಾನು. ಚೀಲದ ಮೇಲೆ 50 ಕೆ.ಜಿ. ಅಂತಿದ್ದರೆ ಒಳಗೆ 50 ಇರಬೇಕು. ಇಲ್ಲವಾದರೆ 48 ಅಂತ ಬರೆಯಬೇಕು. 48 ತುಂಬಿ, "ನಿಮ್ಮ ಬೆನ್ನಿಗೆ ಭಾರ ಆಗಬಾರದು ಅಂತ" ಎಂದರೆ ಗಿರಾಕಿ ಮುಖಕ್ಕೇ ಬೈಯುತ್ತಾನೆ. ರೊಕ್ಕ ಸಾಲುತ್ತಿಲ್ಲ, ಜನ ಕಡಿಮೆ ಮಾಡಿದ್ದೇವೆ, ಇಷ್ಟು ಕೊಡುತ್ತೇವೆ ಅಂತ ಹೇಳಲಿ, ನಾನು ಒಪ್ಪಿಯೇ ಟಿಕೆಟ್ ತೆಗೆಯುತ್ತೇನೆ.

ಇದನ್ನು ಮನೆಯವರ ಮುಂದೆ ಜೋರಾಗಿ ಹೇಳುತ್ತಿದ್ದೆ. ಅವರು ಸೂಟ್‌ಕೇಸ್ ತುಂಬುತ್ತಲೇ, "ರೀ, ನೀವು ಅಂಗಡ್ಯಾಗ ಗೌಂಡ್ಯಾರಿಗೆ ಚಹಾ ಯಾಕ ನಿಲ್ಲಿಸಿದ್ರಿ?" ಅಂದರು. 2020ರವರೆಗೆ ಅಂಗಡಿಗೆ ಬಂದ ಗೌಂಡಿಗಳಿಗೆಲ್ಲ ಚಹಾ ತರಿಸುತ್ತಿದ್ದೆ. ಕೊರೊನಾ ಅಂತ ನಿಲ್ಲಿಸಿದೆ. ಕೊರೊನಾ ಹೋಯ್ತು, ಚಹಾ ಮರಳಿ ಬರಲಿಲ್ಲ. ಕೇಳಿದವರಿಗೆ "ಕಪ್ಪು ಚೊಕ್ಕ ಇರಂಗಿಲ್ಲ, ನಿಮ್ಮ ಆರೋಗ್ಯಕ್ಕ" ಅಂದಿದ್ದೂ ಉಂಟು. ಅವತ್ತು ಮಧ್ಯಾಹ್ನ ನಾನೊಬ್ಬನೇ ಡೆಕ್ ಮೇಲೆ ಹೋಗಿ ಕೂತೆ.

ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗ ಖಾನಾಪುರ ತಾಲ್ಲೂಕಿನವನು. ಮೊದಲ ದಿನ ಇಂಗ್ಲಿಷಿನಲ್ಲೇ ಮಾತಾಡಿದ. ಎರಡನೇ ದಿನ ನಾವು ಮಾತಾಡುವುದನ್ನು ಕೇಳಿ "ಯಾವ ಊರು ಕಾಕಾ ನಿಮ್ಮದು?" ಅಂದ. ಮಲಾಕ್ಕಾ ಜಲಸಂಧಿಯ ನಡುವೆ ಆ ಮಾತು ಕೇಳಿ ಮನೆಯವರಿಗೆ ಕಣ್ಣಲ್ಲಿ ನೀರು. ಆನೆ ಯಾಕೆ ಮಾಡುವುದಿಲ್ಲ ಅಂತ ನಾನೇ ಕೇಳಿದೆ.

"ಮೊದಲ ಒಬ್ಬೊಬ್ಬರಿಗೆ ಹದಿನಾಲ್ಕು, ಹದಿನೈದು ರೂಮು ಇರತಿದ್ವು ಕಾಕಾ. ಈಗ ಇಪ್ಪತ್ತರ ಮ್ಯಾಲ. ಆನಿ ಮಾಡಕೋತ ಕುಂತ್ರ ರೂಮು ಯಾರು ಮಾಡಬೇಕು?"

ಏಳೆಂಟು ತಿಂಗಳ ಕಾಂಟ್ರ್ಯಾಕ್ಟು, ವಾರದ ರಜೆ ಅಂತ ಇಲ್ಲ. ಸಂಜೆಯ ಸೇವೆ ನಿಲ್ಲಿಸಿದ್ದರಿಂದ ಅವನ ಕೆಲಸ ಕಡಿಮೆಯಾಗಲಿಲ್ಲ, ರೂಮು ಹೆಚ್ಚಿದವು. ಕೆಲವು ಪ್ರಯಾಣಿಕರು ಸೇವೆ ಕಡಿಮೆಯಾಯಿತೆಂದು ಕೌಂಟರಿಗೆ ಹೋಗಿ ಬಿಲ್ಲಿನಿಂದ ಟಿಪ್ಪು ತೆಗೆಸುತ್ತಾರೆ. ನಿಮಗೆ ಸಿಟ್ಟಿದ್ದರೆ ಕಂಪನಿಗೆ ಬರೆಯಿರಿ, ಟಿಪ್ಪಿಗೆ ಕೈ ಹಾಕಬೇಡಿ. ಅದು ಈ ಹುಡುಗರ ಹೊಟ್ಟೆಯದು.

ಕತ್ತರಿ ಆಡಿದ್ದೆಲ್ಲ ಕೆಟ್ಟದ್ದೇ ಅಂತೇನಿಲ್ಲ. ಮೊದಲು ಹೊರಡುವ ದಿನ ಎಲ್ಲರೂ ಸೇರಿ ಮುಕ್ಕಾಲು ತಾಸು ಬಿಸಿಲಲ್ಲಿ ನಿಂತು ಲೈಫ್ ಜಾಕೆಟ್ ಪಾಠ ಕೇಳಬೇಕಿತ್ತು. ಈಗ ಮೊಬೈಲಿನಲ್ಲಿ ವಿಡಿಯೊ ನೋಡಿ, ಅಪಾಯ ಬಂದರೆ ಸೇರಬೇಕಾದ ನಿಮ್ಮ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ ಬಂದರೆ ಆಯ್ತು. 2012ರ ಜನವರಿಯಲ್ಲಿ ಇಟಲಿ ದಂಡೆಯಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಮಗುಚಿ 32 ಜನ ಸತ್ತಿದ್ದರು. ಹಾಗಾಗಿ ಆ ಜಾಗವನ್ನು ನಿಜವಾಗಿ ನಡೆದು ನೋಡಿಕೊಂಡು ಬನ್ನಿ, ಮೊಬೈಲಿನಲ್ಲಿ ಟಿಕ್ ಹಾಕಿ ಬಿಡಬೇಡಿ. ಮಧ್ಯರಾತ್ರಿಯ ತಿಂಡಿ ಕಡಿಮೆಯಾದದ್ದರಿಂದ ನನ್ನ ಶುಗರಿಗೂ ಉಪಕಾರವೇ ಆಗಿದೆ.

ಕಡಲಿಗೆ ಮಾತ್ರ ಯಾರೂ ಕತ್ತರಿ ಹಾಕಿಲ್ಲ. ಬೆಳಗಿನ ಐದೂವರೆಗೆ ಡೆಕ್ ಮೇಲೆ ಯಾರೂ ಇರುವುದಿಲ್ಲ. ದೂರದಲ್ಲಿ ಸಾಲಾಗಿ ನಿಂತ ಸರಕು ಹಡಗುಗಳ ದೀಪ, ಕೆಳಗೆ ಎಂಜಿನ್ನಿನ ಗುಂಯ್ ಸದ್ದು. ಐದೂ ಸಲ ಆ ಒಂದು ತಾಸಿಗಾಗಿಯೇ ಹೋಗಿದ್ದೇನೆ ಅಂದರೂ ನಡೆದೀತು.

ಮತ್ತೆ ಹೋಗುತ್ತೀರಾ ಅಂದರೆ, ಹೋಗುತ್ತೇನೆ. ಟಿಕೆಟ್ ದರ ನೋಡಿ ಹಿಗ್ಗಬೇಡಿ, ಅದರ ಅರ್ಧದಷ್ಟು ಕೈಯಲ್ಲಿ ಬೇರೆ ಇಟ್ಟುಕೊಳ್ಳಿ. ವೈಫೈ, ಬೇರೆ ಹೋಟೆಲಿನ ಊಟ ಬೇಕೇ ಬೇಕು ಅಂದರೆ ಹತ್ತುವ ಮುಂಚೆಯೇ ಆಪಿನಲ್ಲಿ ತೆಗೆದುಕೊಳ್ಳಿ, ಹಡಗಿನೊಳಗೆ ನಮಗೆ ಹೆಚ್ಚು ಬಿತ್ತು. ಸೋಪು ಮನೆಯಿಂದ ಒಯ್ಯಿರಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. 2013ರಲ್ಲೇ ಬರೆದಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಆದರೆ ಅವತ್ತಿನ ಬಿಲ್ಲು ಸಿಮೆಂಟ್ ಕಂಪನಿ ಕಟ್ಟಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿದು ಓದಿ.